ಅಕ್ಕನ ಫೋನಿನಾಗ ಬರೇ ಬಿಳೇ ಹಾಳಿ

ಹೋದ ಸಲ ಕರಿಂಡಿ ಬರದಾಗ ಮುಂದಿನ ಸಲ ಗುರೆಳ್ಳ ಚಟ್ನಿ ಅಂತ ಹೇಳಿದ್ದೆ. ಅದು ಒಂದು ವಾರ ತಡೀಲಿ. ಈ ಸಲ ಅಡಗಿ ಬಗ್ಗೆ ಅಲ್ಲ, ಅಡಗಿ ಇಟ್ಟ ಡಬ್ಬಿ ಬಗ್ಗೆ ಹೇಳೋದದ.

ನಿಮಗ ಗೊತ್ತಿದ್ದದ್ದೇ, ನಮ್ಮವ್ವನ ಅಡಗಿ ವಹಿ ಸಲುವಾಗಿ ನಾ ಒಂದು ಸಣ್ಣ ವೆಬ್‌ಸೈಟ್ ಮಾಡೀನಿ. 2020ರಾಗ ಲಾಕ್‌ಡೌನ್ ಆದಾಗ ಮಗಳು ಮನ್ಯಾಗೇ ಇದ್ಲು. ಹಗಲೆಲ್ಲಾ ಆಕಿ ಆಫೀಸು ಲ್ಯಾಪ್‌ಟಾಪಿನಾಗ, ಸಂಜೀ ಮುಂದ ನಂಗ ಎಚ್‌ಟಿಎಂಎಲ್ ಪಾಠ. ನಾ ಪಿಯುಸಿ ಆರ್ಟ್ಸ್ ಓದಿದಾಕಿ, ಅದೂ ಮೂವತ್ತೈದು ವರ್ಷದ ಹಿಂದ. ಆದ್ರೂ ಅದೇನು ಅಂಥಾ ಬ್ರಹ್ಮವಿದ್ಯಾ ಅಲ್ಲ ನೋಡ್ರಿ. ಇದು ತಲೆಬರಹ, ಇದು ಪ್ಯಾರಾ, ಇದು ಯಾದಿ ಅಂತ ಒಂದೊಂದಕ್ಕ ಚೀಟಿ ಅಂಟಿಸಿಕೋತ ಹೋಗೋದು. ಅಡಗೀಮನ್ಯಾಗ ಡಬ್ಬಿಗೆ ಸಾಸಿವಿ, ಜೀರಿಗಿ ಅಂತ ಬರದು ಅಂಟಸ್ತೀವಲ್ಲ, ಹಂಗ.

ಅವ್ವನ ವಹಿ ವರಲಿ ಹತ್ತಿ ಅರ್ಧ ಹೋಗಿತ್ತು. ಉಳಿದರ್ಧ ಹೇಳಿ ಬರಸಿದಾಕಿ ನಮ್ಮ ಅಕ್ಕ. ನರಗುಂದದ ಕಡೆ ಹಳ್ಳಿಯೊಳಗ ಇರ್ತಾಳ. ದಿನಾ ಮಧ್ಯಾಹ್ನ ಫೋನ್ ಹಚ್ಚಿ, "ಬರಕೋ, ಅಂಟಿನ ಉಂಡಿಗೆ ಒಣಕೊಬ್ರಿ ಎರಡು ಬಟ್ಟಲಾ" ಅಂತ ಶುರು ಮಾಡ್ತಿದ್ಲು. ಹಂಗ ಒಂದೊಂದಾಗಿ ನಲವತ್ಮೂರು ಪುಟ ಆದ್ವು. ಬಿಳೀ ಹಾಳಿ, ಕರೇ ಅಕ್ಷರ, ಅಲ್ಲೊಂದು ಇಲ್ಲೊಂದು ಫೋಟೋ. ಎಲ್ಲಾದ್ರಾಗೂ ಕೆಳಗ "ಹೇಳಿದವರು: ಅಕ್ಕ" ಅಂತ ಹಾಕಿದ್ದೆ.

ಅದಕ್ಕ ಕೈ ಹಚ್ಚಿದಾಂವ ನಮ್ಮ ಅಣ್ಣನ ಮಗ. ಬೆಂಗಳೂರಾಗ ಇದೇ ಕೆಲಸದಾಗ ಇದ್ದಾನ. ಮೊನ್ನಿನ ದೀಪಾವಳಿಗೆ ಬಂದಾಗ ನೋಡಿ ನಕ್ಕಾನ. "ಅತ್ಯಾ, ಇದೇನ ಇದು, ನಾ ಹುಟ್ಟೋಕಿಂತ ಮೊದಲಿನ ಸೈಟ್ ಇದ್ದಂಗ ಅದ. ಎರಡು ದಿನ ಕೊಡು, ಜಾವಾಸ್ಕ್ರಿಪ್ಟ್ ಹಾಕಿ ಹೊಸಾದು ಮಾಡಿಕೊಡ್ತೀನಿ" ಅಂದ. ಸುಳ್ಳ ಯಾಕ ಹೇಳ್ಲಿ, ನಂಗೂ ಆಸೆ ಆತು. ಹಬ್ಬಕ್ಕ ಮನೀಗೆ ಸುಣ್ಣಾ ಬಣ್ಣಾ ಹಚ್ಚಿದ್ವಿ, ಇದಕ್ಕೂ ಹಚ್ಚಲಿ ಬಿಡು ಅನಿಸ್ತು.

ಎರಡು ದಿನಕ್ಕ ಖರೇನ ಹೊಸಾದು ಮಾಡಿದ. ತೆರದ ಕೂಡಲೇ ದೀಪ ತೇಲಿ ಬರ್ತಿದ್ವು. ಫೋಟೋ ತಾವ ಸರದು ಇನ್ನೊಂದು ಬರ್ತಿತ್ತು. ಹುಡುಕೋ ಡಬ್ಬಿ ಬಂತು, ಎಷ್ಟು ಮಂದಿ ಬಂದ್ರು ಅಂತ ಎಣಿಸೋದು ಬಂತು. ಎಲ್ಲಾಕ್ಕಿಂತ ನಂಗ ಸೇರಿದ್ದು, "ಎಷ್ಟು ಪಟ್ಟು ಮಾಡ್ತೀರಿ?" ಅಂತ ಕೇಳಿ ಅಳತಿ ತಾನ ಲೆಕ್ಕಾ ಹಾಕಿ ಕೊಡೋದು. ಓಣ್ಯಾಗಿನವರಿಗೆಲ್ಲಾ ಕರದು ತೋರಿಸಿದೆ. ನಮ್ಮ ಮನಿಯವರು ಸುದ್ಧಾ ಚಷ್ಮಾ ಹಾಕ್ಕೊಂಡು ನೋಡಿ, "ಅಡ್ಡಿಯಿಲ್ಲ" ಅಂದ್ರು. ಅವರ ಬಾಯಾಗ ಅಡ್ಡಿಯಿಲ್ಲ ಅಂದ್ರ ಮೆಡಲ್ ಸಿಕ್ಕಂಗ, ನಿಮಗ ಗೊತ್ತದ.

ಅಕ್ಕ ಮಾತ್ರ ಏನೂ ಅನ್ನಲಿಲ್ಲ. ಫೋನಿನಾಗ ಮಾತಾಡ್ತಿದ್ಲು; ಮಳಿ, ಬೆಳಿ, ಮೊಣಕಾಲು ಎಲ್ಲಾ ಬರ್ತಿತ್ತು, ಸೈಟಿನ ಮಾತು ಬರ್ತಿದ್ದಿಲ್ಲ. ನಾನೂ ಕೇಳಲಿಲ್ಲ.

ಸಂಕ್ರಾಂತಿಗೆ ಹಳ್ಳಿಗೆ ಹೋಗಿದ್ದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ ಎಣಗಾಯಿ ಎಲ್ಲಾ ಆಗಿ ಕೂತಾಗ, "ಅಕ್ಕಾ, ಹೊಸಾ ಸೈಟ್ ನೋಡಿದಿ?" ಅಂತ ಕೇಳಿದೆ. ಆಕಿ ಮಾರಿ ಸಣ್ಣದು ಮಾಡಿ, "ನಂಗ ಅದು ತೆರಿಯಾಕ ಬರೂದಿಲ್ಲವಾ. ನೀ ಏನೋ ಹೊಸಾದು ಮಾಡೀದಿ, ಓದಿದವರಿಗೆ ತಿಳೀತದ" ಅಂದ್ಲು. ಅದೆಂಗ ಬರೂದಿಲ್ಲ, ಮೊದಲೆಲ್ಲಾ ನೋಡ್ತಿದ್ದೆಲ್ಲಾ ಅಂತ ಆಕಿ ಫೋನ್ ಇಸಗೊಂಡೆ. ಮಗನ ಹಳೇ ಫೋನ್ ಅದು, ಗಾಜು ಸೀಳಿದ್ದು, ಒಳಗ ಜಾಗಾ ಇಲ್ಲದ್ದಕ್ಕ ಏನೂ ಹೊಸಾದು ಮಾಡಿಕೊಳ್ಳಾಕ ಬರೂದಿಲ್ಲ. ಅವರ ಮನಿ ಒಳಗ ರೇಂಜ್ ಸಿಗೂದಿಲ್ಲ, ನಿಚ್ಚಣಿಕಿ ಹತ್ತಿ ಮಾಳಗಿ ಮ್ಯಾಲೆ ಹೋಗಬೇಕು. ಇಬ್ಬರೂ ಹೋದ್ವಿ. ಬೆಳಕಿಂಡಿ ಬಾಜೂಕ ಕೂತು ತೆರದ್ರ ಬಿಳೇ ಹಾಳಿ. ತಡದು ನೋಡಿದ್ವಿ. ಮತ್ತ ಬಿಳೇ ಹಾಳಿ. ದೀಪಾನೂ ಇಲ್ಲ, ಉಂಡೀನೂ ಇಲ್ಲ, "ಹೇಳಿದವರು: ಅಕ್ಕ" ಅನ್ನೋದೂ ಇಲ್ಲ.

ಎರಡೂವರಿ ತಿಂಗಳು ಆಕಿ ವಾರಕ್ಕೊಮ್ಮೆ ಮಾಳಗಿ ಹತ್ತಿ ನೋಡಿ ಇಳದಾಳ. ಮೊಣಕಾಲ ನೋವಿದ್ದಾಕಿ. ನಂಗ ಹೇಳಿಲ್ಲ, ಯಾಕಂದ್ರ ತಪ್ಪು ತಂದೇ ಅನ್ಕೊಂಡಾಳ. ನಂಗ ಕಣ್ಣಾಗ ನೀರ ಬಂತು ನೋಡ್ರಿ.

ಧಾರವಾಡಕ್ಕ ಬಂದ ಕೂಡಲೇ ಅಣ್ಣನ ಮಗಗ ಫೋನ್ ಮಾಡಿದೆ. ಸಿಟ್ಟಿನಾಗ ಎರಡು ಮಾತು ಹೆಚ್ಚೇ ಅಂದೆ. ಪಾಪ, ಅಂವ ಸಮಾಧಾನದಿಂದ ಎಲ್ಲಾ ಬಿಡಿಸಿ ಹೇಳಿದ. ಅಂವ ಹೇಳಿದ್ದು ನಾ ನನ್ನ ಭಾಷಾದಾಗ ಹೇಳ್ತೀನಿ.

ನಾವು ಮನೀಗೆ ಕರದು ಎಲಿ ಹಾಕಿ ಬಡಿಸ್ತೀವಿ. ಬಂದವರು ಕೂತು ಉಣ್ಣೋದಷ್ಟೇ ಕೆಲಸ. ಇನ್ನೊಂದು ಪದ್ಧತಿ ಅದಲ್ಲ, ಅಕ್ಕಿ, ಬ್ಯಾಳಿ, ಬೆಲ್ಲ, ತುಪ್ಪ ಎಲ್ಲಾ ಕಟ್ಟಿ ಸೀಧಾ ಕೊಡೋದು. ಇಸಗೊಂಡವರು ತಮ್ಮ ಮನ್ಯಾಗ, ತಮ್ಮ ಒಲಿ ಹಚ್ಚಿ, ತಾವ ಮಾಡ್ಕೊಂಡು ಉಣಬೇಕು. ನನ್ನ ಹಳೇ ಪುಟ ಬಡಿಸಿದ ಎಲಿ ಇದ್ದಂಗ. ಅಕ್ಷರ ಎಲ್ಲಾ ಅದರಾಗೇ ಇದ್ವು, ಫೋನಿಗೆ ತೋರಿಸೋದಷ್ಟೇ ಕೆಲಸ. ಹೊಸಾದ್ರಾಗ ಪುಟ ಖಾಲಿ ಎಲಿ. ಅದರ ಜೋಡಿ ಒಂದು ಸ್ಕ್ರಿಪ್ಟು ಬರ್ತದ, ಅದು ಓದೋರ ಫೋನಿನಾಗ ಕೂತು, ಅಡಗಿ ಎಲ್ಲಿಂದನೋ ತಂದು, ಎಲಿ ಮ್ಯಾಲೆ ಜೋಡಿಸಬೇಕು. ಒಲಿ ಯಾರದು? ಓದೋರದು. ಬ್ಯಾಟ್ರಿ ಅವರದು, ಡಾಟಾ ಅವರದು. ಹೊಸಾ ಫೋನ್ ಇದ್ದವರಿಗೆ ಗ್ಯಾಸ್ ಒಲಿ ಇದ್ದಂಗ, ಕಣ್ಣು ಮುಚ್ಚಿ ತೆರಿಯೋದ್ರಾಗ ಆಗ್ತದ. ಅಕ್ಕಂದು ಹಸೀ ಕಟ್ಟಿಗಿ.

ಅದರಾಗೂ ಇನ್ನೊಂದು ಭೇದ ಅದ, ಅದು ನಂಗ ಮೊದಲು ಗೊತ್ತಿದ್ದಿಲ್ಲ. ಎಚ್‌ಟಿಎಂಎಲ್ ನಮ್ಮ ಹಳೇ ಹಿರೀರು ಇದ್ದಂಗ. ಓದಿಕೋತ ಹೋಗುವಾಗ ಒಂದು ಶಬ್ದ ತಿಳೀಲಿಲ್ಲಂದ್ರ ಅದೊಂದು ಬಿಟ್ಟು ಮುಂದ ಓದ್ತಾರ. ಜಾವಾಸ್ಕ್ರಿಪ್ಟ್ ಹೊಲಿಗಿ ಮಶೀನ್. ದಾರ ಒಂದು ಕಡೆ ಹರೀತಂದ್ರ ಮುಂದಿನ ಹೊಲಿಗಿ ಬೀಳೂದೇ ಇಲ್ಲ. ಹುಡುಗ ಹೊಸಾ ನಮೂನಿಯೊಳಗ ಬರದಿದ್ದ, ಅಕ್ಕನ ಫೋನಿನ ಹಳೇ ಬ್ರೌಸರಿಗೆ ಅದರಾಗಿನ ಒಂದು ಸಾಲು ತಿಳೀಲಿಲ್ಲ. ಒಂದೇ ಸಾಲು. ಅಷ್ಟಕ್ಕ ನಲವತ್ಮೂರು ಪುಟ ಹೋದ್ವು.

ತೂಕದ ಮಾತೂ ಅದ. ಕಂಪ್ಯೂಟರಿನಾಗ ಕನ್ನಡದ ಒಂದೊಂದು ಅಕ್ಷರಕ್ಕ, ಒಂದೊಂದು ಕಾಗುಣಿತದ ಗುರುತಿಗೆ ಸಾಮಾನ್ಯ 3 ಬೈಟ್ ಹಿಡೀತದ, ಇಂಗ್ಲಿಷಿಗೆ 1 ಸಾಕು. ಆದ್ರೂ ನನ್ನ ಅಂಟಿನ ಉಂಡಿ ಪುಟ ಫೋಟೋ ಬಿಟ್ಟು 12 ಕೆಬಿ ಇತ್ತು. ಹೊಸಾದ್ರಾಗ ಬರೇ ಸ್ಕ್ರಿಪ್ಟೇ 900 ಕೆಬಿ. ಮಾಳಗಿ ಮ್ಯಾಲೆ ಸೆಕೆಂಡಿಗೆ 12 ಕೆಬಿ ಬಂತು ಅನ್ಕೋರಿ. ಹಳೇದಕ್ಕ ಒಂದು ಸೆಕೆಂಡು, ಹೊಸಾದಕ್ಕ ಒಂದೂಕಾಲು ನಿಮಿಷ. ಬಿಸಲಾಗ, ಅದೂ ಕಾಗಿ ಓಡಿಸಿಕೋತ.

ಹುಡುಗ ಸುಮ್ಮನ ಒಪ್ಪಲಿಲ್ಲ. "ಅತ್ಯಾ, ಈಗ ಎಲ್ಲಾರ ಕಡೆನೂ ಛಲೋ ಫೋನ್ ಅವ. ಒಬ್ಬರ ಸಲುವಾಗಿ ಎಲ್ಲಾ ತಗೀಬೇಕಾ?" ಅಂದ. ಅದಕ್ಕ ಉತ್ತರ ಮಗಳು ಕೊಟ್ಲು. 2013ರಾಗ ಬ್ರಿಟನ್ ಸರ್ಕಾರದವರು ತಮ್ಮ ಸೈಟಿನಾಗ ಎಣಿಸಿ ನೋಡಿದ್ರಂತ, ಎಷ್ಟು ಮಂದಿಗೆ ಜಾವಾಸ್ಕ್ರಿಪ್ಟ್ ಮುಟ್ಟವಲ್ತು ಅಂತ. ಶೇಕಡಾ 1.1, ಅಂದ್ರ 93 ಮಂದಿಗೆ ಒಬ್ಬರು. ಅದರಾಗ ಬೇಕಂತ ಬಂದ್ ಮಾಡಿಟ್ಟವರು, ಇಲ್ಲಾ ಸ್ಕ್ರಿಪ್ಟ್ ನಡೀಲಾರದ ಬ್ರೌಸರ್ ಇದ್ದವರು ಬರೇ 0.2. ಉಳಿದ 0.9 ಶೇಕಡಾ ಮಂದಿ ಕಡೆ ಎಲ್ಲಾ ಸರಿಯಾಗೇ ಇತ್ತು, ಆದ್ರೂ ಏನೋ ಒಂದು ಕಾರಣಕ್ಕ ಸ್ಕ್ರಿಪ್ಟ್ ನಡದಿದ್ದಿಲ್ಲ. ಲಂಡನ್ನಿನಾಗೇ ಹಂಗಂದ್ರ ನಮ್ಮ ಮಾಳಗಿ ಕಥಿ ಏನು. ಮತ್ತ ನನ್ನ ಸೈಟು ನೋಡೋರೇ ನೂರು ಮಂದಿ ಇದ್ದಾರು. ಅದರಾಗ ಹೋದ ಒಬ್ಬಾಕಿ ನನ್ನ ಅಕ್ಕ, ಆ ನಲವತ್ಮೂರು ಪುಟ ಹೇಳಿದಾಕಿ.

ನಂಗ ಹೆಚ್ಚು ಚುಚ್ಚಿದ್ದು ಬ್ಯಾರೆ. ಕಾಣಲಾರದವರು ಬಂದು ನಿಮಗ ಹೇಳೂದಿಲ್ಲ. ಚಲೋ ಆಗೇದ ಅಂದವರೆಲ್ಲಾ ಕಂಡವರು. ನಮ್ಮಂಥಾ ಹೆಂಗಸರು ಫೋನ್ ನಡೀಲಿಲ್ಲಂದ್ರ, ಮಿಕ್ಸರ್ ಶುರು ಆಗಲಿಲ್ಲಂದ್ರ, ಬ್ಯಾಂಕಿನ ಚೀಟಿ ತಪ್ಪಾದ್ರ ಮೊದಲು ನಂದೇ ತಪ್ಪು ಅನ್ಕೋತೀವಿ. ಅಕ್ಕ ಹೇಳಿದಂಗ ಸುಮ್ಮನ ಮಾಳಗಿ ಇಳದು ಬರ್ತೀವಿ.

ಹಂಗಂತ ನಾ ಸ್ಕ್ರಿಪ್ಟೇ ಕೆಟ್ಟದ್ದು ಅನ್ನೋ ಜಾತಿ ಅಲ್ಲ. ಇದನ್ನ 1995ರಾಗ ನೆಟ್‌ಸ್ಕೇಪ್ ಕಂಪನಿಯೊಳಗ ಬ್ರೆಂಡನ್ ಐಕ್ ಅನ್ನಾಂವ ಹತ್ತು ದಿನದಾಗ ಮೊದಲನೇ ರೂಪಕ್ಕ ತಂದ್ನಂತ. ಹತ್ತು ದಿನ! ನಮ್ಮ ಮನ್ಯಾಗ ಬ್ಯಾಸಗಿ ಶಂಡಗಿ ಹಪ್ಪಳಕ್ಕ ಇದಕ್ಕಿಂತ ಹೆಚ್ಚು ಹಿಡೀತದ. ಈಗ ಜಗತ್ತಿನ ಅರ್ಧ ಕೆಲಸ ಅದರ ಮ್ಯಾಲೆ ನಡದದ. ರೈಲಿನ ಟಿಕೆಟ್ ತಗೋಬೇಕಾದ್ರ, ನಕಾಶೆ ನೋಡಬೇಕಾದ್ರ ಅದು ಬೇಕೇ ಬೇಕು. ಪ್ರಶ್ನಿ ಅದಲ್ಲ. ಅಡಗಿ ಹೇಳೋ ಒಂದು ಹಾಳಿಗೆ ಅದು ಯಾಕ ಬೇಕು ಅನ್ನೋದು.

ಅದಕ್ಕ ಒಂದು ಐತವಾರ ಹುಡುಗನ್ನ ಫೋನಿನಾಗ ಇಟ್ಕೊಂಡು, ಮಗಳನ್ನ ಬಾಜೂಕ ಕೂಡಿಸ್ಕೊಂಡು, ಒಂದೊಂದೇ ತಗದು ನೋಡಿದೆ. ಕಪಾಟು ಹಸನ ಮಾಡುವಾಗ ಮಾಡ್ತೀವಲ್ಲ, ಇದು ಬೇಕೋ ಬ್ಯಾಡೋ ಅಂತ.

ದೀಪ ಮೊದಲು ಹೋದ್ವು. ಶಿವರಾತ್ರಿ ಬಂದ್ರೂ ದೀಪಾವಳಿ ದೀಪ ತೇಲತಿದ್ವು, ಹೆಂಗೂ ತಗೀಬೇಕಿತ್ತು. ಸರಿಯೋ ಫೋಟೋ ಹೋದ್ವು. ಉಂಡಿ ಪಾಕ ಯಾವ ಹದಕ್ಕ ಬಂದದ ಅಂತ ನೋಡ್ಕೋತ ಇದ್ರ ಫೋಟೋ ತಾನ ಸರದು ಹೋಗ್ತದ, ಕೈ ತುಂಬ ಬೆಲ್ಲ, ಮತ್ತ ಹಿಂದ ಸರಸೋದು ಹೆಂಗ? ಫೋಟೋ ಒಂದರ ಕೆಳಗೊಂದು ಇಟ್ವಿ. ಹುಡುಕೋ ಡಬ್ಬಿ ಬದಲಿ ಅ ಆ ಇ ಈ ಪ್ರಕಾರ ಒಂದು ಯಾದಿ ಮಾಡಿದೆ. ನಲವತ್ಮೂರು ಹೆಸರು ಹುಡುಕಾಕ ಯಂತ್ರ ಬೇಕಾ? ಸ್ಟೀಲ್ ಡಬ್ಬಿ ಸಾಲಾಗಿ ಇಟ್ರ ಕಣ್ಣಿಗೇ ಕಾಣ್ತಾವ.

"ಉದ್ದ ಉದ್ದ ಟಿಪ್ಪಣಿ ಇದ್ವಲ್ಲ, ಒತ್ತಿದ್ರ ತೆರೀಬೇಕು, ಇಲ್ಲಂದ್ರ ಮುಚ್ಚಿರಬೇಕು, ಅದಕ್ಕಾದ್ರೂ ಸ್ಕ್ರಿಪ್ಟ್ ಬೇಕಲ್ಲ ಅತ್ಯಾ" ಅಂದ ಹುಡುಗ. ಮಗಳು ಅಂದ್ಲು, ಅದಕ್ಕೂ ಎಚ್‌ಟಿಎಂಎಲ್‌ದಾಗೇ ಡೀಟೇಲ್ಸ್ ಅಂತ ಒಂದು ಚೀಟಿ ಅದ. ಹಾಕಿದ್ರ ಸಾಕು, ಬ್ರೌಸರೇ ಮಡಚ್ತದ, ಬಿಚ್ಚತದ. ಅಕ್ಕನಂಥಾ ಹಳೇ ಫೋನಿಗೆ ಆ ಚೀಟಿ ಗೊತ್ತಿಲ್ಲಂದ್ರ ಏನಾಗ್ತದ? ಎಲ್ಲಾ ಬಿಚ್ಚೇ ಕಾಣ್ತದ, ಅಷ್ಟೇ. ಓದಾಕ ತ್ರಾಸಿಲ್ಲ. ಇದು ನಂಗ ಭಾಳ ಸೇರಿತು.

ಮಂದಿ ಎಣಿಸೋದರ ಮ್ಯಾಲೆ ಸಣ್ಣ ಜಗಳಾನೇ ಆತು. ಎಷ್ಟು ಮಂದಿ ಬಂದ್ರು ಅಂತ ನೋಡೋದಂದ್ರ ನಂಗ ಖುಷಿ, ಒಪ್ಕೋತೀನಿ. ಬೆಳಿಗ್ಗೆ ಚಹಾದ ಜೋಡಿ ಅದನ್ನೇ ನೋಡ್ತಿದ್ದೆ. ಆದ್ರ ಅದು ನಮ್ಮದಲ್ಲ, ಹೊರಗಿನ ಕಂಪನಿ ಸ್ಕ್ರಿಪ್ಟು. ಅವರ ಸ್ಕ್ರಿಪ್ಟ್ ನನ್ನ ಪುಟದಾಗ ಕೂತ್ರ, ಯಾವ ಫೋನಿನಿಂದ ಯಾವ ಪುಟ ತೆರದ್ರು ಅನ್ನೋದು ಅವರಿಗೂ ಹೋಗ್ತದ. ನನ್ನ ಸೈಟಿನಾಗ ಬರೇ ಉಂಡಿ ಚಟ್ನಿ ಇಲ್ಲ. ಬಾಣಂತಿ ಪಥ್ಯ ಅದ, ಮುಟ್ಟು ನಿಲ್ಲೋ ವಯಸ್ಸಿನಾಗ ಏನು ಉಣಬೇಕು ಅನ್ನೋದು ಅದ. ಅದನ್ನ ಓದೋರು ಗಂಡನ ಫೋನಿನಾಗ, ಮಗನ ಫೋನಿನಾಗ, ಎಲ್ಲಾರೂ ಮಲಕೊಂಡ ಮ್ಯಾಲೆ ಓದ್ತಾರ. ಅವರು ನಮ್ಮ ಮನೀಗೆ ಬಂದ್ರ, ಕಟ್ಟಿ ಮ್ಯಾಲೆ ಯಾವನೋ ಗುರುತಿಲ್ಲದಾಂವ ಕೂತು ಯಾರು ಬಂದ್ರು, ಯಾವ ಖೋಲಿಗೆ ಹೋದ್ರು ಅಂತ ಬರಕೊಂಡ್ರ ನಾ ಸುಮ್ಮನ ಬಿಡ್ತಿದ್ನೇನು? ತಗಿ ಅಂದೆ. ಈಗ ಎಷ್ಟು ಮಂದಿ ಓದ್ತಾರ ಅನ್ನೋದು ನಂಗ ಗೊತ್ತಾಗೂದಿಲ್ಲ. ಚಹಾ ಹಂಗೇ ಕುಡೀತೀನಿ.

ಉಳೀತು ಅಳತಿ ಲೆಕ್ಕಾ. ಇದು ತಗಿಯಾಕ ನಂಗ ಮನಸಿದ್ದಿಲ್ಲ. ಕಾಗದದ ವಹಿಯೊಳಗ ಇದು ಆಗೂದಿಲ್ಲ, ಎಚ್‌ಟಿಎಂಎಲ್‌ದಾಗೂ ಆಗೂದಿಲ್ಲ, ಸ್ಕ್ರಿಪ್ಟೇ ಬೇಕು. ಆದ್ರ ಅದರದೂ ಒಂದು ಕಥಿ ಅದ.

ಬಾಜೂ ಮನಿ ವೈನಿ ಸೊಸಿ ಬಾಣಂತನಕ್ಕ ಅಂಟಿನ ಉಂಡಿ ಮೂರು ಪಟ್ಟು ಮಾಡೋರಿದ್ರು. ಸೈಟ್ ತೆರದು ಮೂರು ಅಂತ ಒತ್ತಿ, ಅಲ್ಲಿಂದಲೇ ಕೂಗಿದ್ರು, "ಏನ್ರೀ, ತುಪ್ಪದ ಅಳತಿ ಇದೇನ ಹಿಂಗ ಬಂದದ?" ಹೋಗಿ ನೋಡಿದ್ರ: ತುಪ್ಪ 0.30000000000000004 ಕೆ.ಜಿ.! ನೂರು ಗ್ರಾಂ ತುಪ್ಪ ಅಂತ ನಾ ಬರದದ್ದನ್ನ ಹುಡುಗ 0.1 ಕೆ.ಜಿ. ಅಂತ ಹಾಕಿದ್ದ. ಅದನ್ನ ಮೂರರಿಂದ ಗುಣಿಸಿದ್ರ ಜಾವಾಸ್ಕ್ರಿಪ್ಟ್ ಕೊಡೋ ಉತ್ತರಾನೇ ಅದಂತ. ಕಂಪ್ಯೂಟರ್ ಎರಡೇ ಅಂಕಿಯೊಳಗ ಎಣಿಸ್ತದ, ಸೊನ್ನಿ ಮತ್ತ ಒಂದು. ಆ ಲೆಕ್ಕದಾಗ ಹತ್ತನೇ ಒಂದು ಪಾಲು ಪೂರಾ ಬರಿಯಾಕ ಬರೂದಿಲ್ಲ, ನಾವು ಮೂರನೇ ಒಂದು ಪಾಲು 0.333 ಅಂತ ಬರಕೋತ ಹೋದಂಗ. ಎಲ್ಲೋ ಒಂದು ಕಡೆ ಕಡದು ಬಿಡ್ತದ, ಆ ಕಡದ ತುಣುಕು ಹಿಂಗ ಬಾಲದಾಗ ಕಾಣ್ತದ. ವೈನಿ ಕೇಳಿದ್ರು, "ಆ ಕಡೀ ನಾಲ್ಕು ಯಾವ ಚಮಚಾದಾಗ ಹಾಕ್ಬೇಕ್ರೀ?"

ಗ್ರಾಂ ಲೆಕ್ಕಕ್ಕ ಹಾಕಿದ್ವಿ, ಆ ಬಾಲ ಹೋತು. ಆದ್ರ ಇನ್ನೊಂದು ತಪ್ಪು ಅಂಕಿದಲ್ಲ, ಅಡಗೀದು. ಐದು ಮಂದಿ ಸಾರನ್ನ ಐವತ್ತು ಮಂದಿಗೆ ಮಾಡಂದ್ರ ಸ್ಕ್ರಿಪ್ಟು ಎಲ್ಲಾ ಹತ್ತು ಪಟ್ಟು ಮಾಡಿ ಕೂಡ್ತದ. ಒಗ್ಗರಣಿ ಎಣ್ಣಿ ಹತ್ತು ಪಟ್ಟು ಹಾಕಿದ್ರ ಸಾರಿನ ಮ್ಯಾಲೆ ತೇಲ್ತದ. ದೊಡ್ಡ ಪಾತ್ರಿಯೊಳಗ ನೀರು ಅಷ್ಟು ಪಟ್ಟು ಹಾರೂದಿಲ್ಲ. ಉಪ್ಪು, ಖಾರ ಕಡಿಮಿ ಹಾಕಿ, ರುಚಿ ನೋಡಿ, ಆಮ್ಯಾಲೆ ಏರಿಸಬೇಕು. ಇದು ಮದವಿ ಮನ್ಯಾಗ ಅಡಗಿ ಮಾಡಿದವರಿಗೆಲ್ಲಾ ಗೊತ್ತು, ಸ್ಕ್ರಿಪ್ಟಿಗೆ ಯಾರು ಹೇಳಬೇಕು? ಅದಕ್ಕ ಎಣ್ಣಿ, ನೀರು, ಉಪ್ಪು, ಖಾರ ಇವನ್ನ ಲೆಕ್ಕದಿಂದ ತಗದು, "ಕೈ ಅಳತಿ, ನೋಡಿಕೋತ ಹಾಕ್ರಿ" ಅಂತ ಬರಸಿದೆ. ಹುಡುಗ ನಕ್ಕು, "ಅತ್ಯಾ, ನೀನೇ ಪ್ರೋಗ್ರಾಮರ್ ಆದಿ" ಅಂದ.

ಈಗ ಅದೊಂದೇ ಸ್ಕ್ರಿಪ್ಟ್ ಉಳದದ. ಅದೂ ಹೆಂಗಂದ್ರ, ಮೂಲ ಅಳತಿ ಎಲ್ಲಾ ಅಕ್ಷರದಾಗೇ ಪುಟದಾಗ ಇರ್ತದ. ಪಟ್ಟು ಕೇಳೋ ಬಟನ್ನು ಸ್ಕ್ರಿಪ್ಟೇ ತಂದು ಹಚ್ಚತದ. ಸ್ಕ್ರಿಪ್ಟ್ ನಡೀಲಾರದ ಫೋನಿನಾಗ ಬಟನ್ನೇ ಕಾಣೂದಿಲ್ಲ, ಒತ್ತಿ ಒತ್ತಿ ಏನೂ ಆಗವಲ್ತು ಅಂತ ಯಾರೂ ಒದ್ದಾಡೂದಿಲ್ಲ. ಈ ಯುಕ್ತಿ ಹುಡುಗಂದೇ, ಅವಗ ಶ್ರೇಯ ಕೊಡಬೇಕು. ಇಷ್ಟು ಜಾಣ ಇದ್ದಾಂವ ಮೊದಲ ಯಾಕ ಹಂಗ ಮಾಡಿದ ಅಂದ್ರ, "ಆಫೀಸಿನಾಗ ಎಲ್ಲಾ ಹಂಗೇ ಮಾಡ್ತೀವಿ ಅತ್ಯಾ, ಕೈ ತಾನ ಹೋತು" ಅಂದ. ಅದೂ ಖರೇನ. ನಾನೂ ಇಬ್ಬರಿಗೆ ಅಂತ ಅನ್ನಕ್ಕ ಇಟ್ರೂ ಕೈ ಆರು ಮಂದಿ ಅಕ್ಕೀನೇ ತಗೀತದ.

ಸೈಟ್ ಈಗ ಮತ್ತ ಮೊದಲಿನಂಗ ಸಪ್ಪಗ ಕಾಣ್ತದ, ಸುಳ್ಳ ಹೇಳೂದಿಲ್ಲ. ಒಬ್ಬರಿಬ್ಬರು "ಯಾಕ ತಗದ್ರಿ, ಚಂದ ಇತ್ತಲ್ಲ" ಅಂದ್ರು. ದೀಪ ನೋಡಿ ನಂಗೂ ಒಮ್ಮೊಮ್ಮೆ ಹಂಗೇ ಅನಿಸ್ತದ. ಟಿಮ್ ಬರ್ನರ್ಸ್-ಲೀ ಸರ್ನ್‌ನ್ಯಾಗ ಮಾಡಿದ ಮೊದಲನೇ ಸೈಟಿನ ಹಳೇ ಪ್ರತಿ ಅವರು ಇಟ್ಟಾರ, ಮಗಳು ತೆರದು ತೋರಿಸಿದ್ಲು. ನನ್ನ ಫೋನಿನಾಗ ಥಟ್ಟನ ಬಂತು. ಅದೂ ಬಿಳೇ ಹಾಳಿ, ಕರೇ ಅಕ್ಷರ. ನನ್ನದಕ್ಕಿಂತ ಸಪ್ಪಗದ.

ಮುಗಿಸಿದ ಮರುದಿನ ಅಕ್ಕಗ ಫೋನ್ ಮಾಡಿ, "ಇವತ್ತ ಮಾಳಗಿ ಹತ್ತು" ಅಂದೆ. ಅರ್ಧ ತಾಸಿಗೆ ಆಕೀನೇ ಫೋನ್ ಹಚ್ಚಿದ್ಲು. ನಾ ಖುಷಿ ಪಡ್ತಾಳ ಅನ್ಕೊಂಡಿದ್ದೆ.

"ಏ, ಅಂಟಿನ ಉಂಡಿಗೆ ಗಸಗಸಿ ಎರಡು ಚಮಚಾ ಅಂತ ಬರದೀಯಲ್ಲ, ಯಾರ ಹೇಳಿದ್ರು ನಿಂಗ? ಅವ್ವ ಅರ್ಧ ಬಟ್ಟಲಾ ಹಾಕ್ತಿದ್ಲು. ಕೆಳಗ ನೋಡಿದ್ರ ನನ್ನ ಹೆಸರು! ಮಂದಿ ಏನಂದಾರು?"

ಆ ಹೊತ್ತಿಗೇ ಹನ್ನೊಂದು ತಪ್ಪು ಹೇಳಿದ್ಲು. ಒಂದು ಪುಟದಾಗ ಅಲ್ಲ, ನಾಲ್ಕರಾಗ. ರಾತ್ರಿ ಕೂತು ಎಲ್ಲಾ ತಿದ್ದಿದೆ. ಗುರೆಳ್ಳ ಚಟ್ನಿ ಪುಟಕ್ಕ ಆಕಿ ಇನ್ನೂ ಬಂದಿಲ್ಲ, ಐತವಾರ ಬಿಸಲು ಇಳದ ಮ್ಯಾಲೆ ನೋಡ್ತೀನಿ ಅಂದಾಳ. ನೋಡಿ ಹೇಳಲಿ, ಆಮ್ಯಾಲೆ ಇಲ್ಲಿ ಹಾಕ್ತೀನಿ.